ಮೈನಸ್ ಇಲ್ಲದ ಫಾರಂ

ಝೆರಾಕ್ಸ್ ಅಂಗಡಿಯ ಕ್ಯೂನಲ್ಲಿ ನನ್ನ ಮುಂದೆ ನೆಲದ ಮಟ್ಟ ಅಳೆಯುವ ಸರ್ವೇಯರ್ ಹೆಂಗಸು, ಜೊತೆಗೆ ಅದೇ ಕೆಲಸದಿಂದ ನಿವೃತ್ತರಾದ ಅವಳ ಚಿಕ್ಕಪ್ಪ.

"ಚಿಕ್ಕಪ್ಪ, ನೆಲ ಮೇಲೆ ಬಂದಿದೆ! ನಾಲ್ಕು ಮಿಲಿಮೀಟರ್!"

"ಸುಮ್ನಿರೇ. ಇಪ್ಪತ್ತು ವರ್ಷ ಅಳೆದೋನು ನಾನು. ಆ ನೆಲಕ್ಕೆ ಕುಸಿಯೋದು ಬಿಟ್ರೆ ಬೇರೆ ಗೊತ್ತಿಲ್ಲ."

"ಬೋರ್‌ವೆಲ್ ನಿಲ್ಲಿಸಿ, ಒಳಗೆ ನೀರು ಇಂಗಿಸೋಕೆ ಶುರು ಮಾಡಿ ಎರಡು ವರ್ಷ ಆಯ್ತಲ್ಲ!"

"ಇನ್ನೊಂದ್ಸಲ ಅಳೆದ್ಯಾ?"

"ಮೂರು ಸಲ!"

"ಅಯ್ಯೋ ನನ್ನ ತಾಯಿ! ಮತ್ತೆ ಇಲ್ಲಿಗ್ಯಾಕೆ ಎಳ್ಕೊಂಡು ಬಂದೆ?"

"ನೀವು ಮಾಡ್ಸಿದ ಫಾರಂನಲ್ಲಿ ಅಂಕಿ ಬರೆಯೋ ಪ್ರತಿ ಜಾಗಕ್ಕೂ ಮುಂಚೇನೇ ಕುಸಿತದ ಮೈನಸ್ ಅಚ್ಚಾಗಿದೆ!"

"ದಿನಾ ಬರೆಯೋ ತಾಪತ್ರಯ ಯಾಕೆ ಅಂತ ಹಾಕ್ಸಿದ್ದೆ ಕಣೇ."

ಅಂಗಡಿಯವನು ಎಷ್ಟು ಕಾಪಿ ಎಂದು ಕೇಳಿದ.

"ತಾಳಪ್ಪ, ಮೊದಲು ವೈಟ್ನರ್ ಕೊಡು. ಹಾಕ್ಸಿದೋನು ನಾನೇ, ಅಳ್ಸೋನೂ ನಾನೇ."

ವೈಟ್ನರ್, ಫಾರಂ ಎರಡನ್ನೂ ಕಸಿದುಕೊಂಡು ಚಿಕ್ಕಪ್ಪ ಪಕ್ಕದ ಬೆಂಚಿಗೆ ಓಡಿಯೇಬಿಟ್ಟರು.