ಹೆಸರಿನ ಮುಂದೆ ನಾಲ್ಕು

ಸೋಮವಾರ ಬೆಳಿಗ್ಗೆ ರೊಸಾರಿಯೋದ ಬೇಕರಿಯ ಸಾಲಿನಲ್ಲಿ ನಿಂತಿದ್ದ ನೋಯೆಲಿಯಾಳ ಮನಸ್ಸು ಅರ್ಧಚಂದ್ರಾಕಾರದ ಬಿಸಿ ಮೆದಿಯಾಲೂನಾ ಬನ್ನುಗಳ ಬೆಣ್ಣೆಯ ಘಮದ ಬೆನ್ನು ಹತ್ತಿ ಎಲ್ಲೋ ಹೋಗಿತ್ತು. ಅದನ್ನು ಎಳೆದು ತಂದದ್ದು ಮುಂದೆ ನಿಂತಿದ್ದ ಇಬ್ಬರು ಮುದುಕರ ಮಾತು. ಒಬ್ಬನ ಕೈಯಲ್ಲಿ ಪತ್ರಿಕೆಯಿತ್ತು. ನಿನ್ನೆಯ ಫುಟ್‌ಬಾಲ್ ಪಂದ್ಯದಲ್ಲಿ ಆಡಿದವರಿಗೆಲ್ಲ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿದ ಪುಟವನ್ನು ಅವನು ಗುದ್ದುತ್ತಿದ್ದ.

“ನಾಲ್ಕಂತೆ ಅನ್ಸೆಲ್ಮೋ! ನಿನ್ನ ಮೊಮ್ಮಗನಿಗೆ ಬರೀ ನಾಲ್ಕು! ಪೆನಾಲ್ಟಿನ ಆಕಾಶಕ್ಕೆ ಒದ್ದೋನಿಗೆ ಆರು. ಇದು ನ್ಯಾಯವೇನೋ?”

“ಆದ್ರೆ ಅವನು ಆಮೇಲೆ ಒಂದು ಗೋಲು ಹೊಡೆದನಲ್ಲ, ರುಫಿನೋ.”

“ನಮ್ಮ ಹುಡುಗ ಡಿಫೆನ್ಸಲ್ಲಿ ನಿಂತು ಎರಡು ಗೋಲು ತಡೀಲಿಲ್ವಾ? ತಡೆದಿದ್ದು ಯಾರ ಕಣ್ಣಿಗೂ ಬೀಳಲ್ಲ. ನಡಿ, ಪತ್ರಿಕೆ ಆಫೀಸಿಗೇ ಹೋಗಿ ಕೇಳೋಣ.”

“ಮೂರನೇದು ಅವನ ಕಾಲಡೀಲೇ ನುಸುಳಿ ಹೋಯ್ತು ಮಾರಾಯ. ನಾನಾಗಿದ್ರೆ ಮೂರೇ ಕೊಡ್ತಿದ್ದೆ.”

“ಥೂ, ನೀನೊಬ್ಬ ತಾತನಾ?”

“ಕೇಳಿಲ್ಲಿ. ವರ್ಷವೆಲ್ಲ ಅವನನ್ನ ಕೊನೇ ಐದು ನಿಮಿಷಕ್ಕೆ ಇಳಿಸ್ತಿದ್ರು. ಅಷ್ಟೇ ಆಡಿದೋರಿಗೆ ಪತ್ರಿಕೆಯೋರು ಅಂಕ ಹಾಕಲ್ಲ, ಹೆಸರಿನ ಮುಂದೆ ಬರೀ ಗೀಟು. ಆ ಗೀಟು ನೋಡಿ ಸೋಮವಾರ ಸೋಮವಾರ ಕಾಫಿನೂ ಕುಡೀದೆ ಎದ್ದು ಹೋಗ್ತಿದ್ದ.”

“ಇವತ್ತು?”

“ನಿನ್ನೆ ಮೊದಲ ಸಲ ಪೂರ್ತಿ ಆಟ ಆಡ್ಸಿದ್ರಲ್ಲ. ಇವತ್ತು ನಾಲ್ಕು ನೋಡಿ ಬಯ್ದ ನೋಡು, ಬೀದಿಗೆಲ್ಲ ಕೇಳೋ ಹಾಗೆ! ಬಯ್ತಾ ಬಯ್ತಾನೇ ಮನೇಲಿದ್ದ ಮೆದಿಯಾಲೂನಾ ಪೂರ್ತಿ ಖಾಲಿ ಮಾಡಿದ. ಅದಕ್ಕೇ ನಾನು ಮತ್ತೆ ಇಲ್ಲಿಗೆ ಬಂದಿದ್ದು.”

ರುಫಿನೋ ಪತ್ರಿಕೆ ಮಡಚಿದ. ಅನ್ಸೆಲ್ಮೋ ಬಿಸಿ ಪೊಟ್ಟಣವನ್ನು ಎದೆಗವಚಿಕೊಂಡ. ಇಬ್ಬರೂ ಬಾಗಿಲಿನತ್ತ ಹೊರಟರು.

“ಆದ್ರೂ ಐದು ಕೊಡಬಹುದಿತ್ತು ಕಣೋ.”

“ಕೊಡಬಹುದಿತ್ತು,” ಎಂದ ತಾತ, ನಗುತ್ತಾ.