ಪೂರ್ತಿಯಾಗದ ಉಂಗುರ

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ, ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡ ಎಲೆಕ್ಟ್ರಿಷಿಯನ್ ಒಬ್ಬ ತನ್ನ ಅಕ್ಕನ ಜೊತೆ ನಿಂತಿದ್ದ. ಅವನ ತಲೆ ಆಗಷ್ಟೇ ಬೋಳಿಸಿದ್ದು.

“ಗಡ್ಡೆ ಅಲ್ವಂತೆ ಅಕ್ಕ!”

“ಮಿದುಳಲ್ಲಿ ಅಷ್ಟು ದೊಡ್ಡದಾಗಿ ಕಾಣ್ತಿತ್ತಲ್ಲೋ!”

“ಗಡ್ಡೆ ಆದ್ರೆ ಸ್ಕ್ಯಾನಲ್ಲಿ ಸಾಮಾನ್ಯವಾಗಿ ಸುತ್ತಲೂ ಪೂರ್ತಿ ಉಂಗುರ ಇರುತ್ತಂತೆ. ನಂದು ಒಂದು ಕಡೆ ಬಾಯಿ ಬಿಟ್ಟಿದೆ. ಬೆನ್ನುಮೂಳೆಯಿಂದ ತೆಗೆದ ನೀರಿನ ಪರೀಕ್ಷೆನೂ ಅದನ್ನೇ ಹೇಳ್ತಂತೆ. ನರದ ಹೊದಿಕೆ ಹೋಗಿ ಊದಿದೆ, ವೈರಿನ ಇನ್ಸುಲೇಷನ್ ಕಿತ್ತ ಹಾಗೆ.”

“ಆಪರೇಷನ್ನು?”

“ಬೇಡ. ಐದು ದಿನ ಸ್ಟಿರಾಯ್ಡ್, ಆಮೇಲೆ ಮತ್ತೆ ಸ್ಕ್ಯಾನು.”

“ಹಾಗಾದ್ರೆ ತಲೆ ಬೋಳಿಸ್ಕೋ ಅಂದೋರು ಯಾರು?”

“ಯಾರೂ ಇಲ್ಲ. ಡಾಕ್ಟರಿಗೆ ಕೆಲಸ ಹಗುರಾಗ್ಲಿ ಅಂತ ನಾನೇ…”

“ಅಯ್ಯೋ, ನಿನ್ನ ಭಾವ! ನಿನಗೆ ಜೊತೆಯಾಗ್ಲಿ ಅಂತ ಅವರೂ ಈಗ ತಾನೇ ಬೋಳಿಸಿಕೊಳ್ಳೋಕೆ ಹೋದ್ರು. ಫೋನ್ ಕೊಡು, ಬೇಡ ಅಂತೀನಿ.”

ಅವನು ಔಷಧಿ ಚೀಲ ಎತ್ತಿಕೊಂಡು, ಫೋನನ್ನು ಜೇಬಿನಾಳಕ್ಕೆ ತುರುಕಿ, ಬಾಗಿಲ ಕಡೆ ಹೊರಟ.

“ಒಂದು ಹತ್ತು ನಿಮಿಷ ತಡಿ ಅಕ್ಕ.”