ಕಾಜಲ ಓದಿದ ಪಾಠ

ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ನಾನು ಅಕ್ಕಲಕೋಟದ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕನ್ನಡ ಶಾಲೆಯ ಇಬ್ಬರು ಶಿಕ್ಷಕರು ಕೂತಿದ್ದರು.

“ನಿಮ್ಮ ಬ್ಲಾಗಿನ್ಯಾಗಿನ ಕಾಜಲಳ ವಿಡಿಯೋ ಡಿಲೀಟ್ ಮಾಡಿದ್ರೇನ್ರಿ, ಯೋಗಿತಾ ಮ್ಯಾಡಮ್?”

“ಮಾಡೀನ್ರಿ ಅವಿನಾಶ ಸರ್. ಏನ್ ಉಪಯೋಗ? ಮಂದಿ ಆಗಲೇ ಫೋನಿನ್ಯಾಗ ಇಳಿಸ್ಕೊಂಡು ಹಂಚ್ಯಾರ.”

“ಅಂಥಾದ್ದೇನಿತ್ತರಿ ಅದರಾಗ?”

“ಏನಿಲ್ಲ. ಪಾಠ ಓದಿ, ಅರ್ಥ ತನ್ನ ಮಾತಿನ್ಯಾಗ ಹೇಳಿದ್ಳು. ನಡುನಡು ಮರಾಠಿ ಬಂತು. ಅದಕ್ಕ ‘ಇದ್ಯಾವ ಕನ್ನಡ’ ಅಂತ ಕೆಳಗ ಬರದು ನಕ್ಕಾರ.”

“ನೀವು ಉತ್ತರ ಕೊಡಬೇಕಿತ್ತು.”

“ಬೆರಳು ನೋಯೋ ತನಕ ಕೊಟ್ಟೀನಿ. ನಮ್ಮ ಹುಡುಗರ ಮಾತು ಯಾವ ಪುಸ್ತಕದಾಗೂ ಇಲ್ಲಂತ ನಾ ಬ್ಲಾಗ್ ಚಾಲೂ ಮಾಡಿದ್ದು. ಈಗ ಅದ ಮಾತಿಗೇ ಅಕಿ ನಾಚ್ಕೊಳ್ಳಾಕತ್ತಾಳ.”

“ಹುಡುಗಿ ಏನಂತಾಳ?”

“ಏನೂ ಅನ್ನೂದಿಲ್ಲ, ಅದ ತ್ರಾಸ. ಹಾಜರಿ ಕರದ್ರ ಬರೇ ಕೈ ಎತ್ತತಾಳ. ಅವರವ್ವ ರಖಮಾಬಾಯಿ ನನ್ನ ಮ್ಯಾಲ ವಿಶ್ವಾಸ ಇಟ್ಟು ವಿಡಿಯೋಕ್ಕ ಹೂಂ ಅಂದಿದ್ರು. ಅವರಿಗಿ ಹ್ಯಾಂಗ ಮಾರಿ ತೋರಸ್ಲಿ?”

ಅಷ್ಟರಲ್ಲಿ ಹನ್ನೂರಿನ ಬಸ್ಸು ಬಂತು. ಯೋಗಿತಾ ಎದ್ದು ನಿಂತರು.

“ಇವತ್ತ ರವಿವಾರ ಮ್ಯಾಡಮ್, ಹನ್ನೂರಾಗ ಸಾಲಿ ಎಲ್ಲೈತ್ರಿ?”

“ಸಾಲಿಗಲ್ಲ. ಕಾಜಲಳ ಮನಿಗಿ ಹೊಂಟೀನಿ.”

“ಏನ್ ಹೇಳ್ತೀರಿ ಅಕಿಗಿ?”

“ಏನೂ ಹೇಳೂದಿಲ್ಲ. ಅಕಿ ಬೈದ್ರ ಕೇಳಿಸ್ಕೊಂಡು ಬರತೀನಿ. ಬೈಯಾಕಾದ್ರೂ ಬಾಯಿ ತೆಗೀಲಿ.”

ಅವಿನಾಶ ತಮ್ಮ ಚೀಲ ಎತ್ತಿಕೊಂಡು ಆಕೆಯ ಹಿಂದೆಯೇ ಬಸ್ಸು ಹತ್ತಿದರು.